ಚಿಲ್ಲರೆ ಎಣಿಸುವವನು ಹೇಳಿದ್ದು

ಹದಿನಾರು ಸೀಟಿನ ಟ್ಯಾಕ್ಸಿಯಲ್ಲಿ ಇಪ್ಪತ್ತೆರಡು ಜನ.
ಬಾಗಿಲಲ್ಲಿ ನಾನು, ಅರ್ಧ ಒಳಗೆ, ಅರ್ಧ ಡರ್ಬನ್ನಿನ ಗಾಳಿಗೆ.
ಹಿಂದಿನ ಸೀಟಿನ ನೋಟು ಕೈಯಿಂದ ಕೈಗೆ ಬರುತ್ತದೆ,
ಚಿಲ್ಲರೆ ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ,
ಒಂದು ರಾಂಡ್ ಕೂಡ ಕಳೆಯುವುದಿಲ್ಲ.
ಖುಲೆಕಾನಿಯ ಹಾಡು ಉಮ್ಲಾಜಿ ಸುತ್ತಿದ್ದೂ ಹೀಗೆಯೇ.
ಹೆಸರೊಂದು ಮಾತ್ರ
ನಡುವೆಲ್ಲೋ ಸೀಟಿನ ಸಂದಿಗೆ ಬಿದ್ದುಹೋಯಿತು.

ಅವನ ಕಂಪ್ಯೂಟರಿಗೆ ಮೈಮೇಲೆ ಬಟ್ಟೆ ಇರಲಿಲ್ಲ.
ತಗಡು ಕಳಚಿ ಬೆತ್ತಲೆ ಕೂತ ಅದಕ್ಕೆ
ಟೇಬಲ್ ಫ್ಯಾನೊಂದು ರಾತ್ರಿಯಿಡೀ ಗಾಳಿ ಬೀಸಬೇಕು.
ಕರೆಂಟು ಹೋಗುವ ವೇಳಾಪಟ್ಟಿ ಗೋಡೆಯ ಮೇಲೆ,
ಪ್ರತಿಭೆ ಅದನ್ನು ನೋಡಿಕೊಂಡು ಬರಬೇಕು.
ಅಮ್ಮ ನೊಮಾಲಂಗನಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿಪಾಳಿ.
ಅವಳು ಹೊರಟ ಮೇಲೆ ಅವಳ ಹಾಸಿಗೆಯನ್ನೆತ್ತಿ
ಕಿಟಕಿಗೆ ಒರಗಿಸುತ್ತಿದ್ದ, ಪಕ್ಕದ ಮನೆಯ ಬಯ್ಗುಳ
ಒಳಗೆ ಬರದ ಹಾಗೆ.
ಬಯ್ಗುಳ ಬರುತ್ತಿತ್ತು.
ಒಂದನ್ನು ಫೋನಿನಲ್ಲಿ ಹಿಡಿದ. ಮಾತನ್ನೆಲ್ಲ ಕತ್ತರಿಸಿ ಎಸೆದ,
ನಡುವಿನ ಕೆಮ್ಮು ಮಾತ್ರ ಇಟ್ಟುಕೊಂಡ.
ಮುದುಕ ಮ್ಸೋಮಿ ಈಗಲೂ ನನ್ನನ್ನು ಕೇಳುತ್ತಾನೆ,
'ಆ ಹಾಡಿನಲ್ಲಿ ಕೆಮ್ಮುವವನಿಗೆ ಯಾರೂ ನೀರು ಕೊಡಲಿಲ್ಲವೇ?'

ಹಾಡು ಅಂದೆ. ರಾಗವಿಲ್ಲ, ಪಲ್ಲವಿಯಿಲ್ಲ.
ಗುದ್ದು, ಅದೂ ಎಣಿಸಿದ ಕಡೆ ಬೀಳುವುದಿಲ್ಲ.
ಕತ್ತಲಲ್ಲಿ ಇನ್ನೊಂದು ಮೆಟ್ಟಿಲಿದೆ ಅಂತ ಕಾಲಿಟ್ಟರೆ
ಇಲ್ಲ.
ಇಲ್ಲ ಅಂದುಕೊಂಡರೆ, ಇದೆ.

ಮೊದಲು ಕೇಳಿದ್ದು ನಮ್ಮ ಟ್ಯಾಕ್ಸಿ.
ಡ್ರೈವರ್ ಗುಮೆಡೆ ಪೆನ್ ಡ್ರೈವ್ ಚುಚ್ಚಿ ಮುಖ ಸಿಂಡರಿಸಿದ.
ಮೂರನೇ ಸ್ಟಾಪಿನ ಹೊತ್ತಿಗೆ ಸ್ಟಿಯರಿಂಗಿನ ಮೇಲೆ
ಅವನ ಬೆರಳು ಅವನ ಮಾತು ಕೇಳುತ್ತಿರಲಿಲ್ಲ.
ಶಾಲೆಯ ಹುಡುಗಿಯರು ಖಾಲಿ ಟ್ಯಾಕ್ಸಿಗಳನ್ನು ಬಿಟ್ಟು
ನಮ್ಮದಕ್ಕೇ ಕಾದು ನಿಂತರು.
ಅದೇ ಅವನಿಗೆ ರೇಡಿಯೋ, ಅದೇ ಸನ್ಮಾನ, ಅದೇ ಸಂಬಳ.
ಸಂಬಳ ಅಂದೆನೇ? ಬಾಯಿ ತಪ್ಪಿತು.

ತಿಂಗಳೊಳಗೆ ಹಾಡು ನಮ್ಮನ್ನು ಓವರ್‌ಟೇಕ್ ಮಾಡಿತು.
ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತ ಕಪ್ಪು ಕಾರು,
ಅದೇ ಗುದ್ದು, ಅದೇ ಕೆಮ್ಮು,
ಪರದೆಯ ಮೇಲೆ ಇನ್ಯಾರದೋ ಹೆಸರು.
ಜಗಳಕ್ಕೆ ಇಳಿದಾನೆಂದು ಖುಲೆಕಾನಿಯ ಅಂಗಿ ಹಿಡಿದೆ.
ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡು
'ಅವರ ಸ್ಪೀಕರಿನಲ್ಲಿ ತಳ ಚೆನ್ನಾಗಿ ಕೇಳುತ್ತದೆ' ಅಂದ.
ಹಸಿರು ಬಿತ್ತು.

ಹೇಗೋ ಬರ್ಲಿನ್ನಿನವರು ಕೆಮ್ಮಿನ ಜಾಡು ಹಿಡಿದು ಬಂದರು.
ಏಳು ವರ್ಷ ಅವನನ್ನು ನಾನು ನೋಡಿದ್ದು ಫೋನಿನಲ್ಲೇ,
ಹೊಗೆಯೊಳಗೊಂದು ಟೋಪಿ, ಟೋಪಿಯ ಕೆಳಗೆ ಅವನಿರಬೇಕು.
ಆ ಕೆಮ್ಮು ಗಣಿಗಳ ಧೂಳೇ, ಜನಾಂಗದ ನೋವೇ
ಎಂದು ಪತ್ರಿಕೆಯವಳೊಬ್ಬಳು ಕೇಳಿದಳಂತೆ.
'ನನ್ನ ನೆರೆಮನೆಯವನದು, ಸಿಗರೇಟು ಜಾಸ್ತಿ' ಅಂದನಂತೆ.
ಜನಾಂಗದ ನೋವು ಎಂದೇ ಅಚ್ಚಾಯಿತು.

ಮೊನ್ನೆ ಬಂದಿದ್ದ. ಅಮ್ಮನಿಗೆ ಹೊಸ ಹಾಸಿಗೆ,
ಅವನಿಗೆ ಎಡಗಿವಿಯಲ್ಲಿ ಹಗಲೂ ರಾತ್ರಿ ಒಂದು ಸಿಳ್ಳು.
'ಯಾವ ಸ್ವರ?' ಅಂದೆ, ತಮಾಷೆಗೆ.
ಹೇಳಿದ. ಅಳೆದು ನೋಡಿದ್ದನಂತೆ.
ನನ್ನ ಪಕ್ಕ ಕೂತ, ಬಲಗಿವಿ ಸ್ಪೀಕರಿನ ಕಡೆಗಿಟ್ಟು.
ಗುಮೆಡೆ ಯಾವುದೋ ಹೊಸ ಹುಡುಗರದ್ದು ಹಾಕಿದ್ದ,
ಮೆಟ್ಟಿಲೇ ಇಲ್ಲದ, ಬರೀ ಬೀಳುವ ಗುದ್ದು.
'ಯಾರದಿದು?'
'ಯಾರಿಗೆ ಗೊತ್ತು' ಅಂದೆ, ಎಲ್ಲರೂ ಅನ್ನುವ ಹಾಗೆ.
'ಕೇಳು. ಹಿಂದಕ್ಕೆ ಕಳಿಸು' ಅಂದ.

ಕಳಿಸಿದೆ. ಪ್ರಶ್ನೆ ಸೀಟಿನಿಂದ ಸೀಟಿಗೆ ಹೋಯಿತು,
ನರ್ಸಮ್ಮನಿಗೆ, ಕೋಳಿ ಹಿಡಿದವನಿಗೆ, ನಿದ್ದೆಯವನಿಗೆ.
ಬಹಳ ಹೊತ್ತಿನ ಮೇಲೆ, ಸೇತುವೆ ದಾಟಿದ ನಂತರ,
ಅಲ್ಲಿಂದ ಇಲ್ಲಿಗೆ ಬಾಯಿಂದ ಬಾಯಿಗೆ
ಒಂದು ಹೆಸರು ಬಂತು, ಅರ್ಧ ಸವೆದಿತ್ತು.
ಅವನ ಬಲಗಿವಿಯಲ್ಲಿ ಹೇಳಿದೆ. ಎರಡು ಸಲ ಹೇಳಿಸಿದ.

ಆ ಟ್ರಿಪ್ಪಿನಲ್ಲಿ ಲೆಕ್ಕಕ್ಕೆ ಎರಡು ರಾಂಡ್ ಕಮ್ಮಿ ಬಂತು.