ಎಡಗೈ ಗಂಟು

ಬೈತಖೋಲದ ರೋಹಿದಾಸ ತಾಂಡೇಲರ ಬಲಗೈ ಹೆಬ್ಬೆರಳು
ಮೂರನೇ ದಿನಕ್ಕೆ ಬದನೆಕಾಯಿ.
ಶೇಡೆ ಮೀನು. ಸತ್ತಿದೆಯೆಂದು ಎತ್ತಿದರಂತೆ.
ಸತ್ತೇ ಇತ್ತು, ಮುಳ್ಳಿಗೆ ಸುದ್ದಿ ಮುಟ್ಟಿರಲಿಲ್ಲ.

ಕೀವು ಒಂದು ಹನಿ. ಗಾಜಿಗೆ ಸವರಿ
ಸ್ಪಿರಿಟ್ ದೀಪದ ಮೇಲೆ ಮೂರು ಸಲ ಹಾಯಿಸಿ
ನೇರಳೆ ಸುರಿದೆ. ಒಂದು ನಿಮಿಷ.
ಅಯೋಡಿನ್, ಇನ್ನೊಂದು ನಿಮಿಷ.
ಆಮೇಲೆ ಆಲ್ಕೋಹಾಲ್. ಇಲ್ಲಿ ಗಡಿಯಾರ ನೋಡಬಾರದು,
ಗಾಜಿನಂಚಿಂದ ತೊಟ್ಟಿಕ್ಕುವುದು ಬಣ್ಣ ಬಿಡುವುದನ್ನೇ ನೋಡಬೇಕು.
ಹದಿನೇಳು ವರ್ಷವಾಯಿತು ನೋಡುತ್ತ;
ಮದುವೆಯ ದಿನವೂ ನನ್ನ ಉಗುರಿನಂಚು ನೇರಳೆಯೇ.

ತೆಳು ಗೋಡೆಯವು ತೊಳೆದು ಹೋಗುತ್ತವೆ,
ದಪ್ಪ ಗೋಡೆಯವು ಹಿಡಿದುಕೊಳ್ಳುತ್ತವೆ.
ಇವು ಹಿಡಿದುಕೊಂಡವು. ಗೊಂಚಲು ಗೊಂಚಲು.

ಬಾಗಿಲಲ್ಲೇ ನಿಂತಿದ್ದರು, ಕೈಯನ್ನು ಕೂಸಿನಂತೆ ಎತ್ತಿಕೊಂಡು.
‘ಎಂತ ಕಂಡ್ತು ಬಾಯೀ, ಆ ಕೊಳವೇಲಿ?’
ವರದಿ ಹೋಗಬೇಕಾದ್ದು ಡಾಕ್ಟರಿಗೆ. ಆದರೂ ಅಂದುಬಿಟ್ಟೆ:
‘ಬಲೆ.’

ಅವರು ನಗಲಿಲ್ಲ. ‘ಎಷ್ಟು ಕಣ್ಣಿಂದು?’ ಅಂದರು.

ಸಕ್ಕರೆಯ ಎಳೆ ಉದ್ದಕ್ಕೆ, ಅಡ್ಡಕ್ಕೆ ಪುಟ್ಟ ಪುಟ್ಟ ಗಂಟು,
ಒಂದೊಂದೂ ತನ್ನ ಸುತ್ತ ತಾನೇ ಹೆಣೆದುಕೊಂಡು
ಒಳಗೆ ಕೂತಿದೆ. ಮೀನೂ ಅದೇ, ಬಲೆಯೂ ಅದೇ.
ನಮ್ಮ ಮೈಯಲ್ಲಿ ಎಲ್ಲಿ ತಡಕಿದರೂ ಈ ಹೆಣಿಗೆ ಇಲ್ಲ.
ಅದರಲ್ಲೂ ಕೆಲವು ಗಂಟು ತಿರುಗಾಮುರುಗಾ,
ನಾವೆಲ್ಲ ಬಲಗೈಯವರೆಂದುಕೊಳ್ಳಿ,
ಇವು ಎಡಗೈಯಲ್ಲಿ ಹಾಕಿದ್ದು.

ಇಡೀ ಬಲೆಯೇ ಬರಬೇಕೆಂದಿಲ್ಲ.
ಒಂದು ಹರುಕು, ಒಂದು ಸಕ್ಕರೆ, ಅದಕ್ಕಂಟಿದ ಎರಡು ಮಣಿ,
ತೇಲಿ ಬಂದರೆ ಸಾಕು. ಒಳಗೆ ಕಣ್ಣಿಲ್ಲದವರು ಯಾರೋ
ಬೆರಳಿಟ್ಟು ತಡವಿ, ಇದು ನಮ್ಮದಲ್ಲ ಎನ್ನುತ್ತಾರೆ.
ಯಾರೂ ಕಲಿಸಿದ್ದಲ್ಲ.
ನನ್ನ ತಮ್ಮನ ಮಗು, ಹನ್ನೊಂದು ದಿನದ್ದು,
ಹೆಸರೇ ಇಟ್ಟಿಲ್ಲ ಇನ್ನೂ,
ಅದರೊಳಗೂ ಇದೆ ಆ ಬೆರಳು.

ತಾಂಡೇಲರು ಬೆಂಚಿನ ಮೇಲೆ ಕೂತರು. ಅವರಪ್ಪನ ಕಾಲದಲ್ಲಿ
ದೇವಗಡದ ಬಂಡೆಗೆ ಒಂದು ಮೊಳ ಬಲೆ ಸಿಕ್ಕಿಕೊಂಡಿತ್ತಂತೆ.
ಅಪ್ಪ ಗಂಟು ಮುಟ್ಟಿ ‘ಮಾಲವಣದ ಕಡೇದು’ ಅಂದರಂತೆ.
ಎರಡು ದಿನ ಬಿಟ್ಟು ದೋಣಿ ಬಂತು.
ಒಳಗೆ ಜನ ಇರಲಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು,
‘ಹಂಗಾರೆ ಈ ಬಾವು ಅವ್ರದ್ದಾ, ನಮ್ದಾ?’

ನಾನು ಗಾಜು ಒರೆಸುತ್ತಿದ್ದೆ.
ನಮ್ಮದು, ಬಹುಪಾಲು. ಈ ಕೆಂಪು, ಈ ಬಿಸಿ,
ರಾತ್ರಿ ಕಂಬಳಿಯೊಳಗೆ ಹಲ್ಲು ಕಟಕಟಿಸಿದ್ದು,
ಎಲ್ಲ ನಮ್ಮವರದೇ ಗದ್ದಲ,
ದೋಣಿ ಇಳಿಸಿ, ದೀಪ ಹಚ್ಚಿ, ಒಬ್ಬರ ಕಾಲು ಒಬ್ಬರು ತುಳಿದು.

ಇಂಜೆಕ್ಷನ್ ಶುರುವಾಯಿತು. ಅದು ಕತ್ತಿಯಲ್ಲ,
ಗಂಟು ಹಾಕುವ ಕೈಯನ್ನು ಹಿಡಿದುಕೊಳ್ಳುತ್ತದೆ, ಅಷ್ಟೇ.
ಅವು ಬೆಳೆಯುವುದು ಬಿಡುವುದಿಲ್ಲ, ಹೆಣಿಗೆ ಸಾಲುವುದಿಲ್ಲ,
ಒಡೆಯುತ್ತವೆ.
ಒಡೆದಷ್ಟೂ ಹರುಕು ಹೆಚ್ಚು,
ಮುಟ್ಟಿ ನೋಡುವ ಬೆರಳಿಗೆ ಕೆಲಸ ಹೆಚ್ಚು.
ಮರುದಿನ ಹೆಬ್ಬೆರಳು ಇನ್ನೂ ದಪ್ಪ.
ನನ್ನನ್ನೂ ಡಾಕ್ಟರನ್ನೂ ಒಟ್ಟಿಗೇ ಕೊಂಕಣಿಯಲ್ಲಿ ಬೈದರು,
ನರ್ಸ್ ಕಿಟಕಿ ಮುಚ್ಚಿದಳು.

ಹದಿನೈದು ದಿನ ಕಳೆದು ಬಂದರಿಗೆ ಹೋಗಿದ್ದೆ, ಬಂಗಡೆಗೆ.
ಬಲೆಯ ರಾಶಿಯ ಮೇಲೆ ತಾಂಡೇಲರು, ಬಲ ಹೆಬ್ಬೆರಳಿಗೆ ಇನ್ನೂ ಬಟ್ಟೆ,
ಎಡಗೈಯಲ್ಲಿ ಸೂಜಿ.
ಆಚೆ ತುದಿಯಲ್ಲಿ ಒಬ್ಬ ಹುಡುಗ ಕಣ್ಣು ಎಣಿಸುತ್ತ ಬರುತ್ತಿದ್ದ,
ನೋಡುವುದು ಮೊಬೈಲನ್ನು, ಎಣಿಸುವುದು ಬೆರಳು.
ಒಂದು ಕಡೆ ಬೆರಳು ನಿಂತಿತು.
ಹಿಂದಕ್ಕೆ ಹೋಯಿತು, ಮತ್ತೆ ಬಂದು ಅಲ್ಲೇ ನಿಂತಿತು.
‘ಇದ್ಯಾರ್ ಹಾಕಿದ್ದು?’ ಅಂದ, ಸೊಂಟದ ಚೂರಿಗೆ ಕೈ ಹಾಕುತ್ತ.

ತಾಂಡೇಲರು ತಿರುಗಲಿಲ್ಲ. ಎಡಗೈ ಎತ್ತಿ ತೋರಿಸಿದರು.
‘ಇರ್ಲಿ ಬಿಡಾ. ಮೀನಿಗೆಂತ ಗೊತ್ತಾಗ್ತದೆ.’