ಒತ್ತಕ್ಷರದ ಕಾಲು

ಫ್ಲೆಕ್ಸ್ ಅಂಗಡಿಯ ಹಳೆ ಬ್ಯಾನರಿನ ಬೆನ್ನಿಗೆ
ಮಾರ್ಕರಿನಲ್ಲಿ ಒಂದು ಗೆರೆ ಎಳೆದ ಹಸೈನಾರ್.
ಈಚೆ ಅವನದು: ಬಣ್ಣ, ಅಕ್ಷರ, ಹೆಬ್ಬೆರಳು ಎಲ್ಲಿ ಬೀಳಬೇಕು.
ಆಚೆ ನನ್ನದು: ಹೆಬ್ಬೆರಳು ಬಿದ್ದ ಮೇಲೆ ಏನಾಗಬೇಕು.
"ಗೆರೆ ದಾಟಿದವರು ಚಾ ಕುಡಿಸಬೇಕು ಟೀಚರೇ."

ಆ್ಯಪಿನ ಕೆಲಸ ಇಷ್ಟೇ.
ಉಪ್ಪಳದ ರೈಲ್ವೆ ಗೇಟು ಬಿದ್ದಿದೆಯೋ ಇಲ್ಲವೋ.
ಮೊದಲು ನಿಂತವರು ಒತ್ತಬೇಕು, ಹಿಂದೆ ಬರುವವರು ನೋಡಬೇಕು.
ಇದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ,
ಮಾಡಿ ಅಂತ ಯಾರೂ ಕೇಳಿಯೂ ಇರಲಿಲ್ಲ.
ಏಳನೇ ಕ್ಲಾಸಿನ ಭಿನ್ನರಾಶಿ ತಿದ್ದಿ, ಮಗುವನ್ನು ಮಲಗಿಸಿ
ರಾತ್ರಿ ಹತ್ತಕ್ಕೆ ಕೂರುತ್ತಿದ್ದೆ ನಾನು;
ಅವನು, ಮದುವೆ ಬ್ಯಾನರುಗಳ ನಡುವೆ ಯಾವಾಗಲೋ.

ನನ್ನ ಬಳಿ ಇದ್ದದ್ದು ಎರಡೇ. ನಿಜ, ಸುಳ್ಳು.
ಬಿದ್ದಿದೆ, ಬಿದ್ದಿಲ್ಲ.
ಅವನು ಮೂರನೆಯ ಚಿತ್ರ ಕಳಿಸಿದ, ಅರಸಿನ ಬಣ್ಣದ್ದು.
ಇದೇನು?
"ಬೀಳ್ತಾ ಇದೆ."
ತಲೆ ಬಗ್ಗಿಸಿ ಸ್ಕೂಟರು ನುಗ್ಗುವ ಆ ಹತ್ತು ಸೆಕೆಂಡು,
ಊರಿನ ಅರ್ಧ ಜನ ದಾಟುವುದು ಆವಾಗಲೇ ಅಲ್ಲವೇ ಎಂದ.
ಮೂರು ರಾತ್ರಿಯ ಕೆಲಸ ಅಳಿಸಿದೆ.
ಗೆರೆ ದಾಟಿದ್ದು ಯಾರೆಂದು ಇನ್ನೂ ಜಗಳ.
ಚಾ ನಾನೇ ಕುಡಿಸಿದೆ.

ಆಮೇಲೆ ಹೆಸರುಗಳು.
ಅವನು ಬರೆದ 'ಉಪ್ಪಳ' ನನ್ನ ಚೌಕದೊಳಗೆ
ಕೆಳಗಿನ ಪ ಕಳಕೊಂಡು 'ಉಪಳ'ವಾಯಿತು.
'ಮಂಜೇಶ್ವರ' ಬರೀ 'ಮಂಜೇಶರ'.
"ನಮ್ಮ ಉಮ್ಮಾಮ ಹೇಳುವುದು ಹೀಗೆಯೇ," ಎಂದು ನಕ್ಕ,
"ಅವರ ಬಾಯಿಗೆ ಸರಿ. ಬೋರ್ಡಿಗೆ ಸಾಲದು."
ಮಲಯಾಳ ಅದೇ ಚೌಕದಲ್ಲಿ ನೆಟ್ಟಗೆ ಕೂತಿತ್ತು,
ಕನ್ನಡಕ್ಕೆ ಮಾತ್ರ ಕಾಲು ಚಾಚುವ ಅಭ್ಯಾಸ.
ಅಕ್ಷರ ಅವನದು, ಚೌಕದ ಎತ್ತರ ನನ್ನದು.
ಕಾಲು ಯಾರದು?
ಫೋನಿನಲ್ಲೇ ಅಳತೆ ಹೇಳಿದ, ಗೋಡೆಗೆ ಬರೆಯುವವರ ಅಳತೆ:
"ಅಕ್ಷರ ಒಂದು ಗೇಣಾದರೆ
ಅಡಿಗೆ ಅರ್ಧ ಗೇಣು ನೆಲ ಬಿಡಿ."
ಒಂದೂವರೆ ಎಂದು ಟೈಪಿಸಿದೆ.
ಪ ಬಂದು ಪದ ಕೆಳಗೆ ಕೂತಿತು.

ಈಗ ಹನ್ನೊಂದು ಜನ ಬಳಸುತ್ತಾರೆ, ನಮ್ಮಿಬ್ಬರನ್ನೂ ಸೇರಿಸಿ.
ನಿನ್ನೆ ಸಂಜೆ ಇಬ್ಬರೂ ಗೇಟಿನಲ್ಲೇ ಸಿಕ್ಕಿಬಿದ್ದೆವು.
ಫೋನಿನಲ್ಲಿ ಹಸಿರು. ಎದುರಿಗೆ ಅಡ್ಡ ಮಲಗಿದ ಕಂಬ.
"ಇದು ನಿಮ್ಮ ಪಾಲಿನದ್ದು."
ನಿನ್ನದು, ಎಂದೆ. ಒತ್ತುವ ಗುಂಡಿ ಯಾರ ಕಣ್ಣಿಗೂ ಬೀಳುವುದಿಲ್ಲ.
ಗೇಟಿನ ಕುಂಞಂಬು ಕಿಟಕಿಯಿಂದ ಕತ್ತು ಚಾಚಿ
ಪರದೆಯನ್ನು ನೋಡಿದ, ತುಂಬ ಹೊತ್ತು.
"ಇದರಲ್ಲಿ ನನಗೇನು ಕೆಲಸ?"

ಗೂಡ್ಸು ಬಂತು.
ಐವತ್ತೆಂಟು ಡಬ್ಬಿ ಎಂದೆ ನಾನು.
ಐವತ್ತೊಂಬತ್ತು ಎಂದ ಅವನು.