ವಜಾ

ಆ ಕಥೆಯಲ್ಲಿ ಅವನಿಗಿರುವುದು ಅರ್ಧ ವಾಕ್ಯ.
ದ್ರಾಕ್ಷಿತೋಟದ ಯಜಮಾನ ಕರೆದು ಹೇಳುತ್ತಾನೆ, ಕೂಲಿ ಕೊಡು,
ಕೊನೆಗೆ ಬಂದವರಿಂದ ಶುರುಮಾಡು.
ಅವನು ಕೊಡುತ್ತಾನೆ. ಅಷ್ಟೇ.
ಬೆಳಗಿನಿಂದ ಬೆಂದವರ ಗೊಣಗಿಗೆ ಯಜಮಾನನ ಉತ್ತರವಿದೆ,
ಭಾನುವಾರ ಫಾದರ್ ಅದನ್ನು ಚೆಂದವಾಗಿ ಬಿಡಿಸಿದರು.
ಮರುದಿನ ಅದೇ ಸಾಲಿನೆದುರು ನಿಂತ ಮೇಲ್ವಿಚಾರಕನ ಪಾಡು
ಯಾವ ಶುಭಸಂದೇಶದಲ್ಲೂ ಇಲ್ಲ.
ನಾನು ಹುಡುಕಿದ್ದೇನೆ.

ನಾನು ಇನಾಸ್ ಲೋಬೊ, ಸಿದ್ದಾಪುರದಾಚೆ
ಮುನ್ನೂರು ಎಕರೆ ರೋಬಸ್ಟಾದ ರೈಟರ್.
ಹಲಸಿನ ಕೊಂಬೆಗೆ ತಕ್ಕಡಿ ತೂಗುಹಾಕಿ
ಇಪ್ಪತ್ತೆರಡು ಕೊಯ್ಲು ಕಂಡವನು.
ಚೀಲಕ್ಕೆ ಎರಡು ಕಿಲೋ ವಜಾ:
ಎಲೆಗೆ, ಕಡ್ಡಿಗೆ, ಇಬ್ಬನಿಗೆ, ಚೀಲದ ತೂಕಕ್ಕೆ.
ಚೀಲ ತೂಗುವುದು ಮುನ್ನೂರು ಗ್ರಾಂ.
ಉಳಿದದ್ದು ನನ್ನ ಜೇಬಿಗಲ್ಲ, ತೋಟಕ್ಕೇ ಹೋದದ್ದು;
ಹಾಗಾಗಿ ಪಾಪನಿವೇದನೆಯ ಜಾಲರಿಯ ಮುಂದೆ
ಸುಳ್ಳು, ಸಿಟ್ಟು, ಶುಕ್ರವಾರದ ಮಾಂಸ ಎಲ್ಲ ಹೇಳಿ
ಇದನ್ನು ಹೇಳಿಲ್ಲ.
ಇದು ಪಾಪವಲ್ಲ, ಪದ್ಧತಿ.

ಸೋಮವಾರ ಲೈನ್ ಮನೆಯ ದಾರಿಯಲ್ಲಿ ಆನೆ.
ಏಳು, ಜೊತೆಗೊಂದು ಮರಿ.
ಫಾರೆಸ್ಟಿನ ಹುಡುಗರು ಪಟಾಕಿ ಹೊಡೆದು ಹೊಡೆದು
ಸುಸ್ತಾಗಿ ಟೀ ಕುಡಿದರು.
ಮುಂಚೆ ಹೊರಟವರೆಲ್ಲ ಈಚೆ,
ಆಚೆ ಉಳಿದವಳು ಬೊಳ್ಳಿ ಒಬ್ಬಳೇ,
ಜ್ವರದ ಮಗುವಿಗೆ ಗಂಜಿ ಕುಡಿಸಿ ತಡವಾದವಳು.
ಮೂರು ಗಂಟೆಗೆ ಬಂದಳು. ಐದಕ್ಕೆ ತೂಕ.
ಮಗು ಕಾಯುತ್ತಿದೆ ಅಂತ ಸಾಲೇ ಅವಳನ್ನು ಮುಂದಕ್ಕೆ ದೂಡಿತು.
ಹನ್ನೊಂದು ಮುನ್ನೂರು.
ಅವಳು ಏನೂ ಕೇಳಲಿಲ್ಲ.
ಕೇಳಿದ್ದರೆ ಬೈಯಬಹುದಿತ್ತು.

ಒಂಬತ್ತು ಅಂತ ಬರೆಯಲು ಪೆನ್ನು ಆಗಲೇ ಬಾಗಿತ್ತು,
ಅಂಕಿಯ ಸುಳಿ ಅರ್ಧ ಸುತ್ತಿತ್ತು.
ಇಡೀ ದಿನದ ಕೂಲಿ ಕೊಡಲು ನಾನು ಯಜಮಾನನಲ್ಲ, ಸ್ವಾಮಿ,
ಉದಾರವಾಗಲು ತೋಟ ನನ್ನದಲ್ಲ;
ನನ್ನ ಕೈಯಲ್ಲಿದ್ದದ್ದು ಎರಡು ಕಿಲೋ.
ಹೊಡೆದುಹಾಕಿ ಹನ್ನೊಂದು ಅಂತ ಬರೆದೆ.

ಪುಣ್ಯ ಮಾಡಿದವನ ಹಾಗೆ ಕೊರಳು ನೆಟ್ಟಗಾಯಿತು,
ಒಂದು ಗಳಿಗೆ.
ಹಿಂದೆ ನಿಂತಿದ್ದ ಚಾತ ಅಂದ, "ರೈಟ್ರೇ,
ಅವಳ ಹನ್ನೊಂದಕ್ಕೆ ಹನ್ನೊಂದೇ ಆದ್ರೆ
ನನ್ನ ನಲವತ್ತೆಂಟಕ್ಕೆ ಎಷ್ಟು?"
ಆ ಕಥೆಯಲ್ಲಿ ಗೊಣಗಿದವರು
ಅವರಿಗೇಕೆ ಅಷ್ಟು ಅಂದರು;
ಇಲ್ಲಿ ಯಾರಿಗೂ ಬೊಳ್ಳಿಯ ಮೇಲೆ ಕಣ್ಣಿಲ್ಲ.
ಎಲ್ಲರ ಕಣ್ಣೂ ತಕ್ಕಡಿಯ ಮುಳ್ಳಿನ ಮೇಲೆ,
ಇಷ್ಟು ವರ್ಷ ಗೊತ್ತಿದ್ದೂ ನೋಡದೆ ಬಿಟ್ಟ ಮುಳ್ಳು.

ಅರವತ್ತೊಂದು ಚೀಲ. ತೂಗಿದಷ್ಟೇ ಬರೆದೆ.
ಧೈರ್ಯದಿಂದ ಅಂತ ಯಾರೂ ತಿಳಿಯಬೇಡಿ;
ಒಂದೇ ಪುಟದಲ್ಲಿ ಎರಡು ಅಳತೆ ಬರೆಯಲು
ಕೈ ನಾಚಿತು, ಅಷ್ಟೇ.

ರಾತ್ರಿ ನತಾಲಿಯಾ ಕೇಳಿ ನಕ್ಕಳು, ಆಮೇಲೆ ನಗಲಿಲ್ಲ.
"ಮಾರ್ಚಿಗೆ ಫೀಸು ಕಟ್ಟಬೇಕು," ಅಂದು
ಬಾಣಲೆಯಲ್ಲಿ ಮೀನು ತಿರುವಿದಳು.

ಎಂಟೂವರೆಗೆ ವಿರಾಜಪೇಟೆಯಿಂದ ಮಾಲೀಕರ ಫೋನು.
ಇಷ್ಟು ವರ್ಷ ಕಣದ ತೂಕ ನನ್ನ ಪುಸ್ತಕಕ್ಕಿಂತ
ದಿನಾ ನೂರು ಕಿಲೋ ಜಾಸ್ತಿ ಬರುತ್ತಿತ್ತು.
"ಇನಾಸ್, ಇವತ್ತು ಎರಡೂ ಸರಿಯಾಗಿ ತಾಳೆಯಾಗಿದೆಯಲ್ಲ,
ಎಲ್ಲಿ ತಪ್ಪಾಯ್ತು?"

ನೆಟ್‌ವರ್ಕ್ ಸಿಗುವ ಕಿಟಕಿಗೆ ಬಂದು ನಿಂತೆ.
ಲೈನ್ ಮನೆಗಳ ಕಡೆ ಮತ್ತೆ ಪಟಾಕಿ.
ಆ ಅರ್ಧ ವಾಕ್ಯದ ಮನುಷ್ಯ
ಈಗ ಏನು ಹೇಳುತ್ತಿದ್ದನೋ.
"ಹಲೋ, ಹಲೋ?" ಅಂದರು.
"ಕೇಳಿಸ್ತಿದೆ," ಅಂದೆ, "ಕೇಳಿಸ್ತಿದೆ, ಸರ್."